ಗೋಪಾಳದ ಡ್ರಮ್ಮಿನಲ್ಲಿ ಹೂ ಬಿಟ್ಟ ಬಿದಿರು

"ಮುಟ್ಟಬೇಡಿ ಅದನ್ನ. ಮಾಲಿ ಬೈತಾನೆ" ಎಂದರು ಈಶ್ವರಮ್ಮ.

ಮನೆಯ ಯಜಮಾನಿ ಮಾಲಿಯ ಬೈಗುಳಕ್ಕೆ ಹೆದರುವುದನ್ನು ನಾನು ನೋಡಿದ್ದು ಅದೇ ಮೊದಲು. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಗೋಪಾಳದ ಕೊನೆಯ ಅಡ್ಡರಸ್ತೆಯ ಆ ಮನೆಯ ಕಾಂಪೌಂಡಿನೊಳಗೆ, ಅರ್ಧಕ್ಕೆ ಕತ್ತರಿಸಿದ ಟಾರ್ ಡ್ರಮ್ಮಿನಲ್ಲಿ, ನನಗಿಂತ ಒಂದು ಮೊಳ ಎತ್ತರದ ಬಿದಿರ ಗಿಡ ನಿಂತಿತ್ತು. ಎಲೆ ಮುಕ್ಕಾಲು ಪಾಲು ಉದುರಿತ್ತು. ಗೆಣ್ಣು ಗೆಣ್ಣಿಗೂ ಒಣಹುಲ್ಲಿನ ಬಣ್ಣದ ಗೊಂಚಲು. ಅದು ಹೂವು ಎಂದು ಯಾರಾದರೂ ಹೇಳಿಕೊಡಬೇಕು. ಇಲ್ಲದಿದ್ದರೆ ಗಿಡಕ್ಕೆ ರೋಗ ಬಡಿದಿದೆ ಎಂದುಕೊಂಡು ಹೋಗುವವನು ನಾನು. ನನ್ನ ಮನೆಯಲ್ಲಿ ತುಳಸಿ ಕೂಡ ಬದುಕುವುದಿಲ್ಲ.

ಒಂಬತ್ತು ದಿನದಿಂದ ಶಿವಮೊಗ್ಗದ ಬೀದಿ ಬೀದಿ ಅಲೆದು ನಾನು ಹುಡುಕುತ್ತಿದ್ದುದು ಇದನ್ನೇ.

ನಾನು ಭೂತಪ್ಪ. ಮೂವತ್ತೊಂದು ವರ್ಷ ಕ್ರೈಂ ವಿಭಾಗದಲ್ಲಿ ಸವೆದು ಹೆಡ್ ಕಾನ್‌ಸ್ಟೇಬಲ್ ಆಗಿಯೇ ನಿವೃತ್ತನಾದೆ. ಈಗ ಮದುವೆ ಗಂಡುಗಳ ನಡತೆ ವಿಚಾರಿಸಿ ಹೇಳುವುದೇ ನನ್ನ ಪತ್ತೇದಾರಿ. ಭದ್ರಾವತಿಯ ಶಂಕರಮ್ಮನವರು ಮಾತ್ರ ಬೇರೆ ಕೆಲಸ ಕೊಟ್ಟಿದ್ದರು: ಹನ್ನೊಂದು ವರ್ಷದ ಹಿಂದೆ ಮನೆ ಬಿಟ್ಟು ಹೋದ ಗಂಡ ಮುರುಗೇಶಪ್ಪ ಬದುಕಿದ್ದಾರೋ ಇಲ್ಲವೋ, ಶುಕ್ರವಾರದೊಳಗೆ ಹೇಳಬೇಕು.

ಶುಕ್ರವಾರ ಅವರ ಮಗಳು ಕವನಳ ಲಗ್ನಪತ್ರಿಕೆ ಅಚ್ಚಿಗೆ ಹೋಗುತ್ತದೆ. ಅಪ್ಪನ ಹೆಸರಿನ ಹಿಂದೆ 'ದಿವಂಗತ' ಎಂದು ಹಾಕಿಸುತ್ತೀರೋ ಇಲ್ಲವೋ ಎಂದು ಗಂಡಿನ ಕಡೆಯವರು ಎರಡು ಸಲ ಕೇಳಿಯಾಗಿದೆ. ಹಾಕಿಸಿದರೆ ಶಂಕರಮ್ಮ ಹಣೆಯ ಕುಂಕುಮ ಅಳಿಸಿ ಮಗಳ ಮದುವೆಯಲ್ಲಿ ಹಿಂದೆ ಎಲ್ಲೋ ಕೂರಬೇಕು. ಇವತ್ತು ಬುಧವಾರ.

ನನ್ನ ಕೈಯಲ್ಲಿದ್ದ ಸುಳಿವು ಒಂದೇ. ಶಂಕರಮ್ಮನವರ ಹಿತ್ತಿಲಿನ ಬಿದಿರ ಮೆಳೆ ಈ ವರ್ಷ ಹೂ ಬಿಟ್ಟಿತ್ತು. ಅದರ ಒಂದು ಗೊಂಚಲು ಹಿಡಿದುಕೊಂಡು ನಾನು ಕೋಟೆಯ ಹತ್ತಿರವಿರುವ ಪುಟ್ಟಪ್ಪನ ಮನೆಗೆ ಹೋಗಿದ್ದೆ. ಪುಟ್ಟಪ್ಪ ಆಯುಷ್ಯವೆಲ್ಲ ನರ್ಸರಿಯಲ್ಲಿ ಸಸಿ ಬೆಳೆಸಿದ ಮುದುಕ.

"ಬೀಜದ ಸಸಿ ಹೂ ಬಿಡ್ಬೇಕು ಅಂದ್ರೆ ನಲವತ್ತು ವರ್ಷ ಕಾಯ್ಬೇಕು ಮಾರಾಯ" ಎಂದಿದ್ದ. "ಆದ್ರೆ ಹಳೇ ಮೆಳೆಯಿಂದ ಒಂದು ಗೆಡ್ಡೆ ಕಿತ್ಕೊಂಡು ಹೋಗಿ ಎಲ್ಲೇ ನೆಡು, ಕುಂಡದಲ್ಲೇ ನೆಡು, ತಾಯಿ ಹೂ ಬಿಟ್ಟ ವರ್ಷ ಅದೂ ಬಿಡ್ತದೆ. ಎಷ್ಟು ದೂರ ಇದ್ರೂ ಅಷ್ಟೆ. ಈ ವರ್ಷ ಸುತ್ತಮುತ್ತ ಬೇರೆಲ್ಲೂ ಬಿದಿರು ಹೂ ಬಿಟ್ಟಿದ್ದು ನಾ ಕೇಳಿಲ್ಲ."

ಶಂಕರಮ್ಮ ಆ ಮೆಳೆಯ ಒಂದು ತುಂಡನ್ನೂ ಯಾರಿಗೂ ಕೊಟ್ಟವರಲ್ಲ. ಹಾಗಾದರೆ ಹೋಗುವಾಗ ಗಂಡನೇ ಒಂದು ಗೆಡ್ಡೆ ಒಯ್ದಿರಬಹುದೇ, ಅದು ಎಲ್ಲಾದರೂ ಹೂ ಬಿಟ್ಟಿರಬಹುದೇ ಎಂಬ ಯೋಚನೆ ನನ್ನ ತಲೆ ಹೊಕ್ಕಿತು. ಇವತ್ತು ಬೆಳಗ್ಗೆ ಹಾಲಿನವನೊಬ್ಬ, ಗೋಪಾಳದ ಒಂದು ಮನೆಯಲ್ಲಿ ಬಿದಿರಿಗೆ ಭತ್ತದ ತೆನೆ ಬಂದಿದೆ ಎಂದು ನಕ್ಕ. ನಾನು ಅರ್ಧ ಕುಡಿದ ಟೀ ಬಿಟ್ಟು ಎದ್ದು ಬಂದಿದ್ದೆ.

"ಈ ಗಿಡ ಎಲ್ಲಿಂದ ತಂದ್ರಿ ಅಮ್ಮ?" ಎಂದು ಈಶ್ವರಮ್ಮನವರನ್ನು ಕೇಳಿದೆ.

"ನಾನೆಲ್ಲಿ ತಂದೆ? ಮಾಲಿ ರಾಮಯ್ಯ ತಂದಿಟ್ಟಿದ್ದು. ಒದ್ದೆ ಗೋಣಿ ಸುತ್ಕೊಂಡು, ಸೈಕಲ್ ಕ್ಯಾರಿಯರ್ ಮೇಲೆ ಕಟ್ಕೊಂಡು ಬಂದಿದ್ದ. ಬಿದಿರು ಮನೆ ಮುಂದೆ ಬೇಡ ಅಂದೆ. 'ನನಗೆ ಬೇರೆ ಜಾಗ ಇಲ್ಲ ಅಮ್ಮ, ಒಂದು ಮೂಲೆ ಕೊಡಿ' ಅಂದ. ಆ ಮುಖ ನೋಡಿ ಇಲ್ಲ ಅನ್ನಕ್ಕಾಗ್ಲಿಲ್ಲ."

"ಯಾವಾಗ? ಹನ್ನೊಂದು ವರ್ಷ ಆಯ್ತಾ?"

"ಈ ಮನೆ ಕಟ್ಸಿ ಐದು ವರ್ಷ ಆಗಿರೋದು. ತೊಂಬತ್ತಾರರಲ್ಲಿ, ಮಳೆ ಹಿಡಿಯೋಕೆ ಮುಂಚೆ. ನನ್ನ ಮೊಮ್ಮಗಳು ಹುಟ್ಟಿದ ವಾರ."

"ಅದಕ್ಕೆ ಮುಂಚೆ ಬೇರೆಲ್ಲಾದ್ರೂ ಬೆಳೆಸಿದ್ನಾ?"

"ಇಲ್ಲಪ್ಪ. ಗೆಡ್ಡೆ ಮೇಲೆ ಇನ್ನೂ ಹಸಿ ಮಣ್ಣಿತ್ತು. ಬೆಳಗ್ಗೆ ಭದ್ರಾವತಿಲಿ ಕಿತ್ತಿದ್ದು, ಕತ್ತಲಾಗೋದ್ರೊಳಗೆ ಮಣ್ಣಿಗೆ ಸೇರ್ಬೇಕು ಅಂತ ಅವಸರ ಮಾಡ್ದ."

ಮೂರು ವರ್ಷ. ಮುರುಗೇಶಪ್ಪ ಮನೆ ಬಿಟ್ಟ ಎಂಟು ವರ್ಷದ ಮೇಲೆ ಯಾರೋ ಶಂಕರಮ್ಮನವರ ಹಿತ್ತಿಲಿಗೆ ಹೋಗಿ, ಆ ಮೆಳೆಯನ್ನು ಅಗೆದು, ಗೆಡ್ಡೆ ತಂದಿದ್ದಾರೆ. ನಾನು ಕಟ್ಟಿಕೊಂಡಿದ್ದ ಕಥೆ ಅಲ್ಲೇ ಕುಸಿಯಿತು. ಆದರೆ ಕುಸಿದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಅಗೆದವರು ಮುರುಗೇಶಪ್ಪನೇ ಆಗಿದ್ದರೆ, ಮೂರು ವರ್ಷದ ಹಿಂದೆ ಅವರು ಬದುಕಿದ್ದರು.

ಈಶ್ವರಮ್ಮ ನಿವೃತ್ತ ಶಾಲಾ ಮೇಡಂ. ಕೇಳದಿದ್ದರೂ ಪಾಠ ಮುಂದುವರಿಸಿದರು.

"ಮೊದಲ ವರ್ಷ ಇದನ್ನ ಬಾಣಂತಿ ನೋಡ್ಕೊಂಡ ಹಾಗೆ ನೋಡ್ಕೊಂಡ. ತೆಂಗಿನ ಗರಿ ಕಟ್ಟಿ ನೆರಳು ಮಾಡ್ದ. ಎಲೆ ಮೇಲೆ ನೀರು ಚೆಲ್ಲಿದ್ರೆ ಸಿಟ್ಟು, ಬುಡಕ್ಕೇ ಹಾಕ್ಬೇಕು. ಕಳಲೆ ಮೊಳಕೆ ಮೂಡಿದ್ರೆ ಸುತ್ತ ಮಣ್ಣೇರಿಸಿ, ಉದುರಿದ ಎಲೆ ಅಲ್ಲೇ ಹೊದಿಸ್ತಿದ್ದ. ಗುಡಿಸಕ್ಕೆ ಬಿಡ್ತಿರ್ಲಿಲ್ಲ. ಎಲ್ಲಾ ಸರಿ, ಅವನದೊಂದು ಹುಚ್ಚು ಮಾತ್ರ ನನಗೆ ತಡೆಯಕ್ಕಾಗಲ್ಲ."

"ಏನದು?"

"ಅಲ್ಲಿ ನೋಡಿ."

ಕಾಂಪೌಂಡಿನ ಸಿಮೆಂಟು ನೆಲದ ಮೇಲೆ ಇಪ್ಪತ್ತು, ಇಪ್ಪತ್ತೈದು ಕುಂಡಗಳಿದ್ದವು. ಪ್ರತಿ ಕುಂಡದ ಪಕ್ಕದಲ್ಲೂ ಒಂದರೊಳಗೊಂದು ಸೇರಿದ ವೃತ್ತದ ಗುರುತುಗಳು.

"ಬಂದಾಗೆಲ್ಲ ಒಂದೊಂದು ಕುಂಡಾನೂ ಎತ್ತಿ ಗೇಣು ಆಚೆ ಇಡ್ತಾನೆ. ಸಿಮೆಂಟ್ ಕುಂಡ, ಸಿಮೆಂಟ್ ನೆಲ, ಬೇರು ಎಲ್ಲಿಗೆ ಹೋಗ್ತದೋ ರಾಮಯ್ಯ ಅಂತ ಕೇಳಿದ್ರೆ, 'ಒಂದ್ಸಲ ಮರೆತಿದ್ದೆ ಅಮ್ಮ' ಅಂತಾನೆ."

ನಾನು ಜೇಬಿನಿಂದ ಮುರುಗೇಶಪ್ಪನ ಹಳೆಯ ಫೋಟೋ ತೆಗೆದುಕೊಟ್ಟೆ. ಈಶ್ವರಮ್ಮ ಕನ್ನಡಕ ಏರಿಸಿ ನೋಡಿದರು.

"ತಲೆಕೂದಲು ಹೋಗಿದೆ. ಆದ್ರೆ ರಾಮಯ್ಯನೇ ಇದು."

"ಈಗೆಲ್ಲಿ ಸಿಗ್ತಾನೆ?"

"ವಿನೋಬನಗರದಲ್ಲಿ ಎಲ್ಲೋ ಒಂದು ಕೋಣೆ ಬಾಡಿಗೆ ಅಂದಿದ್ದ. ಹತ್ತು ದಿನ ಆಯ್ತು ಬಂದು. ಈ ಹೂ ನೋಡಿ ಹಾಗೇ ನೆಲದ ಮೇಲೆ ಕೂತುಬಿಟ್ಟ. 'ತಾಯಿ ಮೆಳೆನೂ ಹೂ ಬಿಟ್ಟಿರ್ತದೆ ಅಮ್ಮ, ಇನ್ನು ಎರಡೂ ಒಣಗೋದೇ. ಇದರ ಬೀಜ ಜೊಳ್ಳು. ಅಲ್ಲಿದು ಗಟ್ಟಿಯಾಗಿರ್ತದೆ, ಹೋಗಿ ತರ್ತೀನಿ' ಅಂದ. ಹೋದೋನು ಹೋದ."

ಮುರುಗೇಶಪ್ಪ ಬದುಕಿದ್ದರು. ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಬೇರೆ ಹೆಸರಿಟ್ಟುಕೊಂಡು, ಹೆಂಡತಿಯ ಹಿತ್ತಿಲಿನ ಬಿದಿರಿಗೆ ನೀರು ಹಾಕಿಕೊಂಡು ಇದ್ದರು.

* * *

ಭದ್ರಾವತಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ವೃತ್ತಗಳನ್ನೇ ಯೋಚಿಸಿದೆ.

ಬಿದಿರ ಸಸಿಯನ್ನು ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬೆಳೆಸುವವರು ಕೆಲವು ವಾರಕ್ಕೊಮ್ಮೆ ಪ್ರತಿ ಪ್ಯಾಕೆಟ್ಟನ್ನೂ ಎತ್ತಿ ಆಚೆ ಇಡಬೇಕು. ಇಡದಿದ್ದರೆ ಬೇರು ತಳದ ತೂತಿನಿಂದ ಇಳಿದು ನೆಲ ಹಿಡಿಯುತ್ತದೆ. ಮೇಲೆ ನೋಡಿದರೆ ಸಸಿ ನಳನಳಿಸುತ್ತಿರುತ್ತದೆ. ನೆಡಲು ಎತ್ತಿದ ದಿನ ಬೇರು ಹರಿದು, ವಾರದೊಳಗೆ ಒಣಗುತ್ತದೆ. ಇದನ್ನು ನನಗೆ ಹೇಳಿದವರು ಶಂಕರಮ್ಮ.

ಎಂಬತ್ತೆಂಟರ ಬೇಸಿಗೆಯಲ್ಲಿ ಅವರಿಗೆ ವಿಷಮಶೀತ ಜ್ವರ. ಖಾಸಗಿ ನರ್ಸರಿಯೊಂದರಲ್ಲಿ ಹತ್ತು ಸಾವಿರ ಬಿದಿರ ಸಸಿಯ ಹೊಣೆ ಹೊತ್ತಿದ್ದ ಮುರುಗೇಶಪ್ಪ, ನಲವತ್ತು ದಿನ ಸಸಿಗೆ ನೀರು ಹಾಕಿ ಆಸ್ಪತ್ರೆಗೆ ಓಡುವುದು, ಆಸ್ಪತ್ರೆಯಿಂದ ಬಂದು ನೀರು ಹಾಕುವುದು, ಇಷ್ಟೇ ಮಾಡಿದರು. ಪ್ಯಾಕೆಟ್ ಸರಿಸುವುದು ಮರೆತೇಹೋಯಿತು. ಹೆಂಡತಿ ಉಳಿದಳು. ಮಳೆಗಾಲ ಬಂದು ಸಸಿ ಎತ್ತಿದಾಗ ಹತ್ತು ಸಾವಿರವೂ ಹೋಯಿತು. ಹತ್ತು ಜನರೆದುರು ಮಾಲೀಕ ಆಡಿದ ಮಾತು ಕೇಳಿಸಿಕೊಂಡು ಅಲ್ಲಿಂದ ಹೊರಟವರು ಮನೆಗೆ ಬರಲಿಲ್ಲ.

ನನ್ನವಳು ಸತ್ತು ಆರು ವರ್ಷವಾಯಿತು. ಅವಳಿಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದರಿಂದ ಉಂಡದ್ದು ಮೈಗೆ ಹತ್ತುತ್ತದೆ, ನಿದ್ದೆ ಬರುತ್ತದೆ. ಶಂಕರಮ್ಮನವರಿಗೆ ಆ ಭಾಗ್ಯವೂ ಇಲ್ಲ. ಬದುಕಿದ್ದಾರೆ ಎಂದು ಈಗ ಹೇಳಿದರೆ ಎಲ್ಲಿ ಎಂದು ಕೇಳುತ್ತಾರೆ, ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಅವರ ಮುಖ ಹೇಗೆ ನೋಡುವುದು ಎಂದು ನಿಜವಾಗಿಯೂ ಸಂಕಟವಾಯಿತು.

ಹಳೇನಗರದ ಆ ಮನೆಯ ಹಿತ್ತಿಲಿನಲ್ಲಿ ಶಂಕರಮ್ಮ ಮೆಳೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಉದುರಿದ ಬಿದಿರಕ್ಕಿಯನ್ನು, ಅಂದರೆ ಅದರ ಬೀಜವನ್ನು, ಮೊರದಲ್ಲಿ ಆರಿಸುತ್ತಿದ್ದರು. ಬಿದಿರು ಹೂ ಬಿಟ್ಟರೆ ಮನೆಗೆ ಕೆಟ್ಟದ್ದು, ಮದುವೆಗೆ ಮುಂಚೆ ಕಡಿಸಿಬಿಡು ಎಂದು ನೆಂಟರು ಹೇಳಿ ಸಾಕಾಗಿದ್ದಾರೆ. ಅವರು ಕಿವಿಗೆ ಹಾಕಿಕೊಂಡಿಲ್ಲ.

"ಬಂದ್ರಾ ಅಣ್ಣಾ? ಏನಾದ್ರೂ ಗೊತ್ತಾಯ್ತಾ?"

"ಹೇಳ್ತೀನಿ ತಾಯಿ. ಮೊದ್ಲು ನಾನು ಕೇಳಿದ್ದಕ್ಕೆ ಹೇಳಿ. ಈ ಹತ್ತು ದಿನದಲ್ಲಿ ಮನೆಗೆ ಯಾರಾದ್ರೂ ಬಂದಿದ್ರಾ?"

"ಮದುವೆ ಮನೆ ಅಂತ ನೆಂಟ್ರು ಬರ್ತಾರೆ, ಹೋಗ್ತಾರೆ. ಬೇರೆ ಯಾರೂ ಇಲ್ಲ."

"ಮೂರು ವರ್ಷದ ಹಿಂದೆ, ಮಳೆಗೆ ಮುಂಚೆ, ನೀವು ಊರಲ್ಲಿರ್ಲಿಲ್ವಾ?"

ಅವರು ಯೋಚಿಸಿದರು. "ಚನ್ನಗಿರಿಗೆ ಹೋಗಿದ್ದೆ. ತಂಗಿ ಮಗಳ ಬಾಣಂತನ. ಹದಿನೈದು ದಿನ ಇದ್ದೆ. ಕವನಳಿಗೆ ಪರೀಕ್ಷೆ ಅಂತ ಮನೇಲೇ ಉಳಿದ್ಲು."

ನಾನು ಮೆಳೆಯನ್ನು ಸುತ್ತಿ ಹಿಂಬದಿಗೆ ಹೋದೆ. ಗೋಡೆಯ ಕಡೆಗೆ, ಮೊಣಕಾಲುದ್ದದ ಒಂದು ಹಳ್ಳ. ಎಲೆ ತುಂಬಿಕೊಂಡಿತ್ತು. ಕೈ ಹಾಕಿ ಬಳಿದೆ. ಹಳ್ಳದ ಪಕ್ಕದಲ್ಲಿ, ಒಂದು ಗೆಡ್ಡೆ ಇನ್ನೊಂದಕ್ಕೆ ಕೂಡುವ ಸಣ್ಣ ಕತ್ತನ್ನು ಹಸನಾಗಿ, ಒಂದೇ ಏಟಿಗೆ ಕತ್ತರಿಸಿದ ಹಾಗಿತ್ತು.

"ಇದೇನು ತಾಯಿ?"

"ಪಕ್ಕದ ಮನೆಯವ್ರು ಪೈಪ್ ಹಾಕಕ್ಕೆ ಅಗೆದಿದ್ದು. ನಾನು ಚನ್ನಗಿರಿಯಿಂದ ಬಂದಾಗ ಕವನ ಹೇಳಿದ್ಲು. ಯಾಕೆ?"

"ಒಂದು ಲೋಟ ಟೀ ಸಿಕ್ಕಿದ್ರೆ ಹೇಳ್ತೀನಿ."

ಕಳ್ಳರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದವನು ನಾನು. ಆ ಹೆಂಗಸಿನ ಕಣ್ಣು ತಪ್ಪಿಸಲು ಟೀ ಬೇಕಾಯಿತು.

ಅವರು ಒಳಗೆ ಹೋದ ಎರಡು ನಿಮಿಷಕ್ಕೆ ಕವನ ಬಂದಳು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೇಳಿಕೊಡುವ ಹುಡುಗಿ, ಮಾತು ಕಡಿಮೆ. ಕೈಯಲ್ಲಿ ಪ್ರೆಸ್ಸಿನಿಂದ ತಂದ ಪತ್ರಿಕೆಯ ಕರಡು ಸುರುಳಿಯಾಗಿತ್ತು.

"ಅಂಕಲ್, 'ದಿವಂಗತ' ಅಂತಾನೇ ಹಾಕ್ಸಿದ್ದೀನಿ. ಅಮ್ಮನಿಗೆ ನೀವೇ ಸಮಾಧಾನ ಹೇಳಿ."

"ಪಕ್ಕದ ಮನೆಯವ್ರು ಇಲ್ಲಿ ಪೈಪ್ ಹಾಕಿದ್ದು ಯಾವತ್ತು ಮಗಾ?"

ಅವಳು ಹಳ್ಳ ನೋಡಿದಳು, ನನ್ನನ್ನು ನೋಡಿದಳು.

"ನೆನಪಿಲ್ಲ."

"ಪೈಪ್ ಹಾಕೋರು ಗೆಡ್ಡೆ ಕತ್ತು ನೋಡಿ ಕತ್ತರಿಸಲ್ಲ. ಈ ಕೆಲಸ ಗೊತ್ತಿದ್ದೋರು ಮಾಡಿದ್ದು. ಹಾರೆ ಹಾಕಿ ಕಿತ್ರೂ ಅರ್ಧ ದಿನ ಬೇಕು, ಸದ್ದು ಮೂರು ಮನೆಗೆ ಕೇಳ್ತದೆ. ಅವತ್ತು ಮನೇಲಿದ್ದವಳು ನೀನೊಬ್ಳೇ."

"ಯಾರೋ ಕದ್ದಿರ್ಬಹುದು."

"ಕದ್ದ ಗಿಡ ಗೋಪಾಳದಲ್ಲಿ ಹೂ ಬಿಟ್ಟಿದೆ. ಈಗ ನೋಡ್ಕೊಂಡು ಬಂದೆ. ಅದನ್ನ ಬೆಳೆಸಿದೋರ ಫೋಟೋ ನನ್ನ ಜೇಬಲ್ಲಿದೆ. ಆ ಫೋಟೋ ಕೊಟ್ಟಿದ್ದು ನಿಮ್ಮಮ್ಮ."

ಕರಡಿನ ಸುರುಳಿ ಅವಳ ಮುಷ್ಟಿಯಲ್ಲಿ ನಜ್ಜುಗುಜ್ಜಾಯಿತು. ಅಡಿಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

"ಅಮ್ಮನಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

ನಜ್ಜಾದ ಕರಡನ್ನು ಮಡಿಲಲ್ಲಿಟ್ಟು ನೇರ ಮಾಡಿದಳು. ಆಮೇಲೆ, "ಹಾರೆ ನಾನೇ ಕೊಟ್ಟೆ" ಎಂದಳು.

ನಾನು ಅವಳೆದುರು ನೆಲದ ಮೇಲೆ ಕೂತೆ. ಇಂಥ ಹೊತ್ತಿನಲ್ಲಿ ಪೊಲೀಸರಿಗೆ ಬರುವ ಒಂದೇ ವಿದ್ಯೆ ಅದು.

"ಬೆಳಗ್ಗೆ ಏಳು ಗಂಟೆ ಇರ್ಬೇಕು. ಸೈಕಲ್ ಹಿಡ್ಕೊಂಡು ಗೇಟ್ ಹತ್ರ ನಿಂತಿದ್ರು. ಮುದುಕ ಆಗಿದ್ರು. ನೋಡಿದ ತಕ್ಷಣ ಗೊತ್ತಾಯ್ತು ನನಗೆ. ಎಂಟು ವರ್ಷ ದಿನಾ ಕಾದಿದ್ದೆ ಅಂಕಲ್. ಸ್ಕೂಲಿಂದ ಬರ್ತಾ ದಾರೀಲಿ ಪ್ರತಿ ಸೈಕಲ್ ನೋಡ್ತಿದ್ದೆ. ನರ್ಸರೀಲಿ ಅವರ ಹಿಂದೆ ಹಿಂದೆ ಓಡಾಡಿ, ಪುಟ್ಟ ಕೈಲಿ ಪ್ಯಾಕೆಟ್ ಎತ್ತಿ ಕೊಡ್ತಿದ್ದೋಳು ನಾನು. 'ಸಸಿಗೆ ನಿನ್ನ ಕೈ ಒಗ್ಗುತ್ತೆ' ಅಂತಿದ್ರು. ಎದುರಿಗೆ ಬಂದು ನಿಂತಾಗ ಓಡಿ ಹೋಗಿ ಹಿಡ್ಕೋಬೇಕು ಅನ್ನಿಸ್ತು."

"ಹಿಡ್ಕೊಳ್ಳಲಿಲ್ಲ."

"ಇಲ್ಲ." ಅವಳ ದನಿ ಗಟ್ಟಿಯಾಯಿತು. "ಸಸಿ ಸತ್ತಿದ್ದಕ್ಕೆ ಮನೆ ಬಿಟ್ಟು ಹೋದೋರು ಅವ್ರು. ಅಮ್ಮ ಆಸ್ಪತ್ರೆಯಿಂದ ಬಂದು ತಿಂಗಳಾಗಿರ್ಲಿಲ್ಲ, ಗೋಡೆ ಹಿಡ್ಕೊಂಡು ನಡೀತಿದ್ಲು. ನನಗೆ ಹನ್ನೊಂದು ವರ್ಷ. ಗಂಜಿ ಕಾಯ್ಸೋದು ಕಲಿತಿದ್ದು ಆಗಲೇ. ಅದೆಲ್ಲ ಒಟ್ಟಿಗೆ ನೆನಪಾಯ್ತು."

"ಏನಂದ್ರು ಅವರು?"

"'ಅಮ್ಮ ಎಲ್ಲಿ ಮಗಳೇ' ಅಂದ್ರು."

"ನೀನು?"

ಕವನ ತಲೆ ಎತ್ತಲಿಲ್ಲ.

"ಅಮ್ಮ ತೀರ್ಕೊಂಡು ನಾಲ್ಕು ವರ್ಷ ಆಯ್ತು ಅಂದೆ."

ಮಧ್ಯಾಹ್ನದ ಬಿಸಿಲಿಗೆ ಮೆಳೆಯಿಂದ ಬೀಜ ಉದುರುತ್ತಿತ್ತು. ನನಗೆ ಬೈಯಬೇಕು ಅನ್ನಿಸಿತು.

"ಅವರಿಗೆ ನೋವಾಗ್ಲಿ ಅಂತ ಹೇಳ್ದೆ. ಆಯ್ತು ಕೂಡ. ಗೇಟ್ ಹಿಡ್ಕೊಂಡು ಎಷ್ಟೋ ಹೊತ್ತು ನಿಂತ್ರು. ಆಮೇಲೆ 'ಅವಳು ನೀರು ಹಾಕಿದ ಮೆಳೆ, ಒಂದು ತುಂಡು ಕೊಡ್ತೀಯಾ' ಅಂತ ಕೇಳಿದ್ರು. ಮಧ್ಯಾಹ್ನದವರೆಗೆ ಅಗೆದ್ರು. ನಾನು ಒಳಗೆ ಪುಸ್ತಕ ಹಿಡ್ಕೊಂಡು ಕೂತಿದ್ದೆ. ಸುಳ್ಳು ಅಂತ ಹೇಳ್ಬಿಡೋಣ ಅಂತ ಎರಡು ಸಲ ಬಾಗಿಲವರೆಗೆ ಬಂದೆ. ಎರಡು ಸಲಾನೂ ವಾಪಸ್ ಹೋದೆ. ಮೂರನೇ ಸಲ ಬಂದಾಗ ಸೈಕಲ್ ಇರ್ಲಿಲ್ಲ. ಅದಾದ್ಮೇಲೆ ಅಮ್ಮನಿಗೆ ಯಾವ ಬಾಯಲ್ಲಿ ಹೇಳ್ಲಿ?"

"ಊಟ ಹಾಕಿದ್ಯಾ ಅವರಿಗೆ?"

ಕೇಳಿದ್ದು ನಾನಲ್ಲ. ಹಿತ್ತಿಲ ಬಾಗಿಲಲ್ಲಿ ಶಂಕರಮ್ಮ ಎರಡು ಲೋಟ ಹಿಡಿದುಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಟೀ ಮೇಲೆ ಕೆನೆ ಕಟ್ಟಿತ್ತು.

"ಅಮ್ಮ..."

"ಅರ್ಧ ದಿನ ಬಿಸಿಲಲ್ಲಿ ಅಗೆದ್ರಲ್ಲ. ಊಟ ಹಾಕಿದ್ಯಾ?"

ಕವನ ಇಲ್ಲವೆಂದು ತಲೆಯಾಡಿಸಿದಳು. ಹನ್ನೊಂದು ವರ್ಷದ ಹುಡುಗಿಯ ಹಾಗೆ ಬಿಕ್ಕಳಿಸಿ ಅಳತೊಡಗಿದಳು. ಶಂಕರಮ್ಮ ಲೋಟಗಳನ್ನು ನೆಲದ ಮೇಲಿಟ್ಟು, ಮಗಳ ಹತ್ತಿರ ಹೋಗದೆ ನನ್ನ ಹತ್ತಿರ ಬಂದರು. ಅವರ ಮುಖದಲ್ಲಿ ಸಂತೋಷವನ್ನು ಹುಡುಕಿದೆ. ಬದುಕಿದ್ದಾರೆ ಎನ್ನುವ ಮಾತು ಕಿವಿಗೆ ಬಿದ್ದ ಮೇಲೂ ಅವರು ಬೇರೆ ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದರು.

"ಅಣ್ಣಾ, ಹತ್ತು ದಿನದಲ್ಲಿ ಯಾರಾದ್ರೂ ಬಂದಿದ್ರಾ ಅಂತ ಕೇಳಿದ್ರಲ್ಲ, ಗೋಪಾಳದಿಂದ ಅವರು ಎಲ್ಲಿಗೆ ಹೋದ್ರಂತೆ?"

"ಬೀಜ ತರಕ್ಕೆ ಇಲ್ಲಿಗೇ ಹೊರಟಿದ್ರಂತೆ ತಾಯಿ. ಹತ್ತು ದಿನ ಆಯ್ತು."

ಶಂಕರಮ್ಮ ನನ್ನ ತೋಳು ಹಿಡಿದುಕೊಂಡರು.

"ಯಾರೂ ಬಂದಿಲ್ಲ ಅಂದೆ ನಾನು. ಒಬ್ರು ಬಂದಿದ್ರು. ನೀವು ಮೊದಲ ಸಲ ಬಂದು ಹೋದ ಮಾರನೇ ದಿನ. ತಲೆಗೆ ಟವೆಲ್ ಸುತ್ತಿದ್ರು, ಕೈಲಿ ಖಾಲಿ ಗೋಣಿ. ಬಿಸಿಲಿಗೆ ಮುಖ ಕಾಣ್ಲಿಲ್ಲ. ಹಿತ್ತಿಲ ಗೇಟಾಚೆ ನಿಂತು ನನ್ನನ್ನೇ ನೋಡ್ತಿದ್ರು. ಬಿದಿರಕ್ಕಿ ಕೇಳೋಕೆ ದಿನಾ ಯಾರಾದ್ರೂ ಬರ್ತಾರೆ, ಹಾಗೇ ಬಂದೋರು ಅಂದ್ಕೊಂಡೆ."

"ಮಾತಾಡಿದ್ರಾ?"

"ನಾನೇ ಇಲ್ಲಿಂದ ಗದರಿಸ್ದೆ. ಇದು ನಮ್ಮನೆಯವರಿಗೆ ಅಂತ ಇಟ್ಟಿರೋದು, ಅವರು ಬಂದೇ ಬರ್ತಾರೆ, ಬೇರೆಯವರಿಗೆ ಒಂದು ಕಾಳೂ ಕೊಡಲ್ಲ, ಹೋಗು ಅಂದೆ."

ಕವನ ಅಳು ನಿಲ್ಲಿಸಿ ಎದ್ದು ನಿಂತಳು.

"ಅವರು ಕೈ ಮುಗಿದ್ರು ಅಣ್ಣಾ. ಎರಡೂ ಕೈ ಎತ್ತಿ ಮುಗಿದ್ರು. ಸೈಕಲ್ಲನ್ನ ಗೇಟಿಗೆ ಒರಗಿಸಿ ಬಿಟ್ಟು, ಹೊಳೆ ಕಡೆ ನಡ್ಕೊಂಡು ಹೋದ್ರು. ಆ ಸೈಕಲ್ ಕೇಳ್ಕೊಂಡು ಇವತ್ತಿನವರೆಗೂ ಯಾರೂ ಬಂದಿಲ್ಲ."